ಕಿಟಕಿಗೊಂದು ಬಣ್ಣ

ಸ್ಟಾಕ್‌ಹೋಮಿನಿಂದ ದಕ್ಷಿಣಕ್ಕೆ ಹೊರಟ ಪೆಂಡೆಲ್‌ತೋಗ್, ಅಂದರೆ ಇಲ್ಲಿನ ಲೋಕಲ್ ರೈಲು, ಹುಡ್ಡಿಂಗೆ ದಾಟಿ ಫ್ಲೆಮಿಂಗ್ಸ್‌ಬೆರ್ಯ್ ಹತ್ತಿರವಾಗುತ್ತಿದ್ದಂತೆ ಏರಿನ ಮೇಲೆ ಉದ್ದುದ್ದನೆಯ ಕಟ್ಟಡಗಳು ಕಾಣಿಸಿಕೊಳ್ಳುತ್ತವೆ. ಒಂದು ಕೆಂಪು, ಒಂದು ನೀಲಿ, ಒಂದು ಹಸಿರು, ಮತ್ತೊಂದು ಹಳದಿ. ಇದು ಗ್ರಾನ್‌ಟೋರ್ಪ್. 1965ರಿಂದ 1974ರ ಒಳಗೆ ಹತ್ತು ಲಕ್ಷ ಮನೆ ಕಟ್ಟಿಯೇ ತೀರುತ್ತೇವೆಂದು ಸ್ವೀಡನ್ ಸರ್ಕಾರ ಪಣ ತೊಟ್ಟಿತ್ತಲ್ಲ, ಆ ಕಾಲದ ಬಡಾವಣೆ. ಬಣ್ಣ ಅಳಿಸಿಬಿಟ್ಟರೆ ಒಂದು ಕಟ್ಟಡ ಯಾವುದು ಇನ್ನೊಂದು ಯಾವುದು ಎಂದು ಗುರುತು ಹಿಡಿಯುವುದು ಕಷ್ಟ; ಹೆಚ್ಚುಕಡಿಮೆ ಅದೇ ಎತ್ತರ, ಅದೇ ಬಾಲ್ಕನಿ ಸಾಲು, ಅದೇ ಅಳತೆಯ ಕಿಟಕಿ. ಮನೆಗೆ ಮೊದಲ ಸಲ ಬರುವವರಿಗೆ ನಾವು ದಾರಿ ಹೇಳುವುದೂ ಬಣ್ಣದಲ್ಲೇ. "ನೀಲಿ ಬಿಲ್ಡಿಂಗ್ ದಾಟಿ ಬನ್ನಿ, ಹಸಿರು ಬಿಲ್ಡಿಂಗಿನ ಕೆಳಗೆ ನಿಂತಿರ್ತೀನಿ" ಅಂದರೆ ಮುಗಿಯಿತು.

ನನ್ನ ಲ್ಯಾಪ್‌ಟಾಪಿನೊಳಗೆ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದೊಂದು ಕಿಟಕಿಯೂ ಒಂದೊಂದು ಮನೆತನದ್ದು. ಒಂದರ ಗುಂಡಿ ದುಂಡಗೆ, ಇನ್ನೊಂದರದ್ದು ಚೌಕ. ಒಂದರ ಮೆನು ಇಕ್ಕಟ್ಟು, ಇನ್ನೊಂದರದ್ದು ವಿಶಾಲ. ಆಕಾರ ಬೇರೆ ಬೇರೆ ಇರುವ ಇವಕ್ಕೆಲ್ಲ ಒಂದೇ ಬಣ್ಣ ಬಳಿಯಬೇಕೆಂದು ನಾನು ಸಂಜೆ ಹೊತ್ತು ಕುಂಚ ಹಿಡಿದು ಕೂರುತ್ತೇನೆ. ಗ್ರಾನ್‌ಟೋರ್ಪಿಗೆ ಬಣ್ಣ ಆರಿಸಿದವರು ಮಾಡಿದ ಕೆಲಸವನ್ನು ನಾನು ಹಿಂದುಮುಂದಾಗಿ ಮಾಡುತ್ತಿದ್ದೇನೆ ಅನ್ನಬಹುದು. ಅವರು ಒಂದೇ ತೆರನಾದದ್ದನ್ನು ಬೇರೆ ಬೇರೆ ಮಾಡಿದರು.

ಯಂತ್ರ ಥಿಂಕ್‌ಪ್ಯಾಡ್ ಎಕ್ಸ್220, 2011ರ ಮಾಡೆಲ್ಲು. ಹನ್ನೆರಡೂವರೆ ಇಂಚಿನ ಪರದೆ, 1366ಕ್ಕೆ 768 ಚುಕ್ಕೆ. ಯಾರೋ ಬಳಸಿ ಮಾರಿದ್ದು. ಹಳೇ ಥಿಂಕ್‌ಪ್ಯಾಡುಗಳ ಕೀಲಿಮಣೆಯ ಮೋಹ ಹತ್ತಿದವರಿಗೆ ಅದರ ಕಾರಣ ವಿವರಿಸಬೇಕಿಲ್ಲ, ಹತ್ತದವರಿಗೆ ವಿವರಿಸಿ ಉಪಯೋಗವಿಲ್ಲ. ನನ್ನ ಹೆಂಡತಿ ಎರಡನೆಯ ವರ್ಗಕ್ಕೆ ಸೇರಿದವಳು. ಧಾರವಾಡದವಳು, ಮಾತು ನೇರ. "ಹೊಸಾದು ತಗೋರಿ ಅಂದ್ರ ಕೇಳಂಗಿಲ್ಲ, ಹಳೇದನ್ನ ತಿಕ್ಕಿದ್ದೇ ತಿಕ್ಕಿದ್ದು" ಎನ್ನುವುದು ಅವಳ ಕಾಯಂ ಟಿಪ್ಪಣಿ.

ಇಂಥ ಹಳೆಯ ಯಂತ್ರಕ್ಕೆ ಡೆಬಿಯನ್ ಹಾಕಿ, ಅದರ ಮೇಲೆ ಗ್ನೋಮ್, ಕೆಡಿಇ ಮುಂತಾದ ದೊಡ್ಡ ಸಂಸಾರಗಳನ್ನು ಕೂರಿಸದೆ, ಓಪನ್‌ಬಾಕ್ಸ್ ಎಂಬ ಹಗುರ ವಿಂಡೋ ಮ್ಯಾನೇಜರ್ ಒಂದನ್ನೇ ಇಟ್ಟುಕೊಂಡಿದ್ದೇನೆ. ಡೆಬಿಯನ್ನಿನ ಸಿಡಿ ಕಡತಗಳನ್ನು ಜಗತ್ತಿಗೆ ಹಂಚುವ ಸರ್ವರ್ ಇರುವುದು ಇದೇ ದೇಶದ ಉತ್ತರದ ಊಮಿಯೋ ಊರಿನಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಂಪ್ಯೂಟರ್ ಕ್ಲಬ್ಬಿನಲ್ಲಿ. ಬೆಂಗಳೂರಿನಲ್ಲಿದ್ದಾಗಲೂ ಅಲ್ಲಿಂದಲೇ ಇಳಿಸಿಕೊಳ್ಳುತ್ತಿದ್ದೆ. ಅದು ಯಾವ ದೇಶ ಎಂದು ವಿಳಾಸ ನೋಡುವ ಗೋಜಿಗೇ ಹೋಗಿರಲಿಲ್ಲ. ಲಿನಕ್ಸಿನ ಮೂಲಪುರುಷ ಲೀನಸ್ ಟೋರ್ವಾಲ್ಡ್ಸ್ ಪಕ್ಕದ ಫಿನ್ಲೆಂಡಿನ ಸ್ವೀಡಿಷ್ ಮಾತಾಡುವ ಮನೆಯವರು. ಇನ್ನೊಂದು ಪಕ್ಕದ ನಾರ್ವೆಯಿಂದ ಬಂದದ್ದು ಕ್ಯೂಟಿ. ಅದರ ಕಥೆಗೆ ಬರುತ್ತೇನೆ, ಏಕೆಂದರೆ ನನ್ನ ಸಂಜೆಗಳನ್ನು ಅತಿ ಹೆಚ್ಚು ತಿಂದದ್ದು ಅದೇ.

ಓಪನ್‌ಬಾಕ್ಸಿಗೆ ಲಾಗಿನ್ ಆದರೆ ಕಾಣುವುದು ಖಾಲಿ ಪರದೆ. ಕೆಳಗೆ ಪಟ್ಟಿಯಿಲ್ಲ, ಗಡಿಯಾರವಿಲ್ಲ, ಕಸದಬುಟ್ಟಿಯ ಚಿತ್ರವಿಲ್ಲ. ಬಲಗುಂಡಿ ಒತ್ತಿದರೆ ಒಂದು ಮೆನು ಬರುತ್ತದೆ, ಅಷ್ಟೇ. ನೋಡಿದವರಿಗೆ ಯಂತ್ರ ಕೆಟ್ಟಿದೆ ಅನಿಸುತ್ತದೆ, ನನಗೆ ಮನಸ್ಸು ತಣ್ಣಗಾಗುತ್ತದೆ. ಈ ವಿಂಡೋ ಮ್ಯಾನೇಜರಿನ ಅಧಿಕಾರ ಕಿಟಕಿಯ ಚೌಕಟ್ಟಿಗೆ ಸೀಮಿತ: ಮೇಲಿನ ಶೀರ್ಷಿಕೆ ಪಟ್ಟಿ, ಮುಚ್ಚುವ ಗುಂಡಿ, ಸುತ್ತಲಿನ ಅಂಚು. ಚೌಕಟ್ಟಿನ ಒಳಗೆ ಏನಿರಬೇಕು, ಯಾವ ಬಣ್ಣ, ಯಾವ ಅಕ್ಷರ ಎನ್ನುವುದು ಅದಕ್ಕೆ ಸಂಬಂಧಪಡದ ವಿಷಯ. 1984ರಲ್ಲಿ ಎಂಐಟಿಯಲ್ಲಿ ಎಕ್ಸ್ ಎಂಬ ವಿಂಡೋ ವ್ಯವಸ್ಥೆ ಹುಟ್ಟಿದಾಗಲೇ ಅದನ್ನು ಕಟ್ಟಿದವರು ಈ ಧೋರಣೆ ತಾಳಿದ್ದರು. ಪರದೆಯ ಮೇಲೆ ಗೆರೆ ಎಳೆಯುವ ಅನುಕೂಲ ಮಾಡಿಕೊಡುತ್ತೇವೆ, ಗುಂಡಿ ಹೇಗಿರಬೇಕೆಂದು ಹೇಳಲು ನಾವ್ಯಾರು? ಇದು ಔದಾರ್ಯವೋ ಜಾಣತನದ ನುಣುಚಾಟವೋ ಇವತ್ತಿಗೂ ನನಗೆ ತೀರ್ಮಾನಿಸಲಾಗಿಲ್ಲ. ಅವರು ಬಿಟ್ಟ ಜಾಗದಲ್ಲಿ ಬೇಕಾದವರೆಲ್ಲ ತಮ್ಮ ತಮ್ಮ ಗುಂಡಿ ಹೊಲಿದುಕೊಂಡರು.

ಹಾಗೆ ಗುಂಡಿ ಹೊಲಿಯುವ ಸಲಕರಣೆಗಳಲ್ಲಿ ಎರಡು ಈಗಲೂ ಗಟ್ಟಿಯಾಗಿ ನಿಂತಿವೆ. ಬರ್ಕ್ಲಿಯ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಬರೆಯುವಾಗ, ಆ ಕಾಲದ ಮೋಟಿಫ್ ಸಲಕರಣೆ ಸರಿಬರದೆ ತಾವೇ ಒಂದು ಮಾಡಿಕೊಂಡರು, ಅದೇ ಜಿಟಿಕೆ. ನಾರ್ವೆಯಲ್ಲಿ ಹೋವಾರ್ಡ್ ನೂರ್ಡ್, ಐರಿಕ್ ಶಾಂಬೆ-ಎಂಗ್ ಎಂಬಿಬ್ಬರು ಕಟ್ಟಿದ ಕಂಪನಿ 1995ರಲ್ಲಿ ಹೊರತಂದದ್ದು ಕ್ಯೂಟಿ. 1996ರಲ್ಲಿ ಶುರುವಾದ ಕೆಡಿಇ ಕ್ಯೂಟಿಯನ್ನು ಹಿಡಿಯಿತು, ಅದಕ್ಕೆ ಎದುರಾಗಿ 1997ರಲ್ಲಿ ಶುರುವಾದ ಗ್ನೋಮ್ ಜಿಟಿಕೆಯನ್ನು ಹಿಡಿಯಿತು. ಅಂದಿನಿಂದ ಲಿನಕ್ಸಿನ ಹೆಚ್ಚಿನ ತಂತ್ರಾಂಶಗಳು ಈ ಎರಡು ಬಣಗಳಲ್ಲೇ ಹಂಚಿಹೋಗಿವೆ. ದೊಡ್ಡ ಡೆಸ್ಕ್‌ಟಾಪ್ ಹಾಕಿಕೊಂಡವರಿಗೆ ಈ ಬಣಗಳ ನಡುವೆ ರಾಜಿ ಮಾಡಿಸುವ ಹಿರಿಯರೊಬ್ಬರು ಒಳಗೇ ಇರುತ್ತಾರೆ. ನಮ್ಮಂಥ ಓಪನ್‌ಬಾಕ್ಸಿನವರಿಗೆ, ಇಂಥವೇ ಹಗುರ ವಿಂಡೋ ಮ್ಯಾನೇಜರುಗಳಾದ ಐ3ಯವರಿಗೆ, ಐಸ್‌ಡಬ್ಲ್ಯುಎಮ್ಮಿನವರಿಗೆ ಆ ಹಿರಿಯರಿಲ್ಲ. ಪಂಚಾಯ್ತಿ ನಾವೇ ಮಾಡಬೇಕು.

ವಿಸೆತ್ರಾದ ವಿದ್ಯಾರ್ಥಿ ವಸತಿಯಲ್ಲಿರುವ ಶಿರಸಿಯ ಹುಡುಗನೊಬ್ಬ ಶನಿವಾರಗಳಲ್ಲಿ ನಮ್ಮಲ್ಲಿ ಊಟಕ್ಕೆ ಬರುತ್ತಾನೆ. ಇಲ್ಲಿನ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ತಂತ್ರಜ್ಞಾನ ಓದುತ್ತಾನೆ. ಹೊಸದಾಗಿ ಓಪನ್‌ಬಾಕ್ಸ್ ಹಾಕಿಸಿಕೊಂಡವನು ಒಂದು ಸಂಜೆ ಲ್ಯಾಪ್‌ಟಾಪನ್ನು ನಮ್ಮ ಊಟದ ಮೇಜಿನ ಮೇಲಿಟ್ಟು, "ಅಣ್ಣಾ, ಇದೊಂದು ಮಾತ್ರ ಯಾಕೆ ಹೀಗೆ ಬೆಳ್ಳಗಿದೆ? ಅದೊಂದು ಯಾಕೆ ವಿಂಡೋಸ್ 95 ಥರ ಕಾಣ್ತಿದೆ?" ಅಂದ.

ಬಗ್ಗಿ ನೋಡಿದೆ. ಹಳೆಯ ಜಿಟಿಕೆ 2ರಲ್ಲಿ ಬರೆದ ಕಡತ ನೋಡುವ ತಂತ್ರಾಂಶ ಬೂದು ಬಣ್ಣದ ಉಬ್ಬುಗುಂಡಿಗಳನ್ನು ತೋರಿಸುತ್ತಿತ್ತು. ಯಾರೂ ಏನೂ ಹೇಳದಿದ್ದರೆ ಜಿಟಿಕೆ 2 ಹಾಕಿಕೊಳ್ಳುವ ಆ ವೇಷಕ್ಕೆ ರ‍್ಯಾಲಿ ಎಂದು ಹೆಸರು. ಪಕ್ಕದಲ್ಲಿ ಪಾಸ್‌ವರ್ಡ್ ಕಾಯುವ ಕ್ಯೂಟಿ ತಂತ್ರಾಂಶ, ಫ್ಯೂಷನ್ ಎಂಬ ತನ್ನ ಮನೆಯ ವೇಷದಲ್ಲಿ ಬೆಳ್ಳಗೆ ನಿಂತಿತ್ತು. ಅದರ ಟೂಲ್‌ಬಾರಿನಲ್ಲಿ ಕೆಲವು ಗುಂಡಿಗಳಿಗೆ ಚಿತ್ರವೇ ಇಲ್ಲ. ಒತ್ತಿದರೆ ಕೆಲಸ ಮಾಡುತ್ತವೆ, ಏನು ಕೆಲಸ ಎಂದು ಒತ್ತಿದ ಮೇಲೇ ಗೊತ್ತಾಗಬೇಕು. ಮೂರನೆಯದು ಅವನ ಕಾಲೇಜಿನವರು ಕೊಟ್ಟ ಜಾವಾ ತಂತ್ರಾಂಶ. ಅದಕ್ಕೆ ಈ ಎರಡು ಬಣಗಳ ಹಂಗೇ ಇಲ್ಲ, ಮೆಟಲ್ ಎಂಬ ತನ್ನದೇ ನೀಲಿ ಛಾಯೆಯ ಕೋಟು ತೊಟ್ಟು ಬಂದಿತ್ತು.

"ಇದು ಕೂತು ಮಾಡೋ ಕೆಲಸ, ಮೊದಲು ಊಟ ಮಾಡು" ಅಂದೆ. ಊಟವಾದ ಮೇಲೆ ಹೇಗೂ ಕೆಳಗೆ ಬಟ್ಟೆ ಒಗೆಯುವ ಕೋಣೆಯಲ್ಲಿ ನಮ್ಮ ಸರದಿ ಇತ್ತು. ಸ್ವೀಡನ್ನಿನ ಅಪಾರ್ಟ್‌ಮೆಂಟುಗಳಲ್ಲಿ ಮಷಿನ್ನುಗಳು ಮನೆಯೊಳಗಿರುವುದಕ್ಕಿಂತ ನೆಲಮಾಳಿಗೆಯ ತ್ವೆಟ್‌ಸ್ತೂಗಾದಲ್ಲಿ ಇರುವುದೇ ಹೆಚ್ಚು. ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಹೋಗಬೇಕು. ಹೊತ್ತು ಮೀರಿದರೆ ಮುಂದಿನವರು ನಮ್ಮ ಒದ್ದೆ ಬಟ್ಟೆಯನ್ನು ಮೌನವಾಗಿ ಹೊರಗಿಡುತ್ತಾರೆ, ಗೋಡೆಯ ಮೇಲೆ ಬಹಳ ಸಭ್ಯ ಭಾಷೆಯ ಚೀಟಿಯೊಂದು ಹುಟ್ಟುತ್ತದೆ. ಮಷಿನ್ ತಿರುಗುವಷ್ಟು ಹೊತ್ತು ಮಾಡಲು ಬೇರೇನೂ ಇರುವುದಿಲ್ಲವಾದ್ದರಿಂದ ಥೀಮು, ಅಂದರೆ ಈ ವೇಷಗಳನ್ನು, ಸರಿಮಾಡಲು ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಇಬ್ಬರೂ ಅಲ್ಲಿಯೇ ಕೂತೆವು.

ಜಿಟಿಕೆ 2ಕ್ಕೆ ಹೋಮ್ ಫೋಲ್ಡರಿನಲ್ಲಿ ಒಂದು ಅಡಗಿದ ಕಡತ. ಜಿಟಿಕೆ 3ಕ್ಕೆ ಕಾನ್ಫಿಗ್ ಫೋಲ್ಡರಿನೊಳಗೆ ಸೆಟ್ಟಿಂಗ್ಸ್ ಎಂಬ ಇನ್ನೊಂದು. ಎರಡರಲ್ಲೂ ಬರೆಯಬೇಕಾದ್ದು ಹೆಚ್ಚುಕಡಿಮೆ ಅದೇ ನಾಲ್ಕು ಸಾಲು: ಥೀಮಿನ ಹೆಸರು, ಐಕಾನಿನ ಹೆಸರು, ಫಾಂಟು, ಕರ್ಸರು. ಎಲ್‌ಎಕ್ಸ್‌ಅಪಿಯರೆನ್ಸ್ ಎಂಬ ಪುಟ್ಟ ತಂತ್ರಾಂಶ ಈ ಎರಡನ್ನೂ ಒಂದೇ ಏಟಿಗೆ ಬರೆದುಕೊಡುತ್ತದೆ. ಅದು ಎಲ್‌ಎಕ್ಸ್‌ಡಿಇ ಮನೆಯದು, ಆದರೆ ಯಾರ ಮನೆಗೆ ಕರೆದರೂ ಬಂದು ಕೆಲಸ ಮಾಡಿಕೊಟ್ಟು ಹೋಗುವ ಸ್ವಭಾವ. ಕ್ಯೂಟಿಗೆ ಬೇರೆ ದಾರಿ. ಕ್ಯೂಟಿ5ಸಿಟಿ ಎಂಬುದನ್ನು ಹಾಕಿಕೊಂಡು, ಲಾಗಿನ್ ಆಗುವಾಗಲೇ ಒಂದು ಎನ್ವಿರಾನ್ಮೆಂಟ್ ವೇರಿಯಬಲ್ಲಿನಲ್ಲಿ ಅದರ ಹೆಸರನ್ನು ಸಾರಬೇಕು. ಆ ವೇರಿಯಬಲ್ಲಿನ ಹೆಸರು 'ಕ್ಯೂಟಿ ಅಂಡರ್‌ಸ್ಕೋರ್ ಕ್ಯೂಪಿಎ ಅಂಡರ್‌ಸ್ಕೋರ್ ಪ್ಲ್ಯಾಟ್‌ಫಾರ್ಮ್‌ಥೀಮ್'. ನಾನು ಹೇಳುತ್ತಾ ಹೋದೆ, ಹುಡುಗ ಟೈಪ್ ಮಾಡುತ್ತಾ ಹೋದ. ಅಷ್ಟರಲ್ಲಿ ಮಷಿನ್ನು ಜಾಲಿಸುವ ಹಂತಕ್ಕೆ ಬಂದಿತ್ತು. ಇದಾದ ಮೇಲೆ ಕ್ವಾಂಟಮ್, ಅಂದರೆ ಎಸ್‌ವಿಜಿ ಚಿತ್ರಗಳಿಂದ ಗುಂಡಿ ಬಿಡಿಸುವ ಕ್ಯೂಟಿಯ ಥೀಮ್ ಎಂಜಿನ್. ಜಿಟಿಕೆಯಲ್ಲಿ ಆರ್ಕ್ ಥೀಮ್ ಹಾಕಿಕೊಂಡವರಿಗೆ ಅದರ ಪ್ರತಿರೂಪ ಕ್ವಾಂಟಮ್ಮಿನಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಕಾಣೆಯಾಗಿದ್ದ ಗುಂಡಿಚಿತ್ರಗಳೂ ಬಂದವು. ಐಕಾನ್ ಥೀಮ್ ಯಾವುದೆಂದು ಕ್ಯೂಟಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಇನ್ನು ಕರ್ಸರ್. ಎಲ್ಲ ಹೊಂದಿತು ಎಂದು ಬೀಗುವಾಗ ಕಾಲೆಳೆಯುವುದು ಇದೇ. ಖಾಲಿ ಪರದೆಯ ಮೇಲಿದ್ದಾಗ ಅದು ಬಾಣವೇ ಅಲ್ಲ, ಎಕ್ಸ್ ಸರ್ವರಿನ ಹುಟ್ಟುಗುಣದ ಕರಿ ಗುಣಾಕಾರ ಚಿಹ್ನೆ. ಜಿಟಿಕೆ ಕಿಟಕಿಯೊಳಗೆ ಹೋದೊಡನೆ ದಪ್ಪ ಬಿಳಿ ಬಾಣ, ಕ್ಯೂಟಿ ಕಿಟಕಿಗೆ ದಾಟಿದೊಡನೆ ಸಣ್ಣ ಕರಿ ಬಾಣ. ಗಡಿ ದಾಟಿದಾಗಲೆಲ್ಲ ವೇಷ ಬದಲಾಗುತ್ತದೆ. ಗುಂಡಿಯ ಬಣ್ಣ ವ್ಯತ್ಯಾಸವಾದರೆ ನಾನು ತಿಂಗಳುಗಟ್ಟಲೆ ಸಹಿಸಬಲ್ಲೆ, ಆದರೆ ಕರ್ಸರ್ ಹೀಗೆ ಹಿಗ್ಗಿ ಕುಗ್ಗುವುದನ್ನು ಒಂದು ದಿನವೂ ತಾಳಲಾರೆ. ಕಣ್ಣು ಸದಾ ಅದರ ಹಿಂದೆಯೇ ಹೋಗುತ್ತಿರುತ್ತದಲ್ಲ. ಇದಕ್ಕೆ ಮದ್ದು ಸಣ್ಣದು. ಐಕಾನ್ಸ್ ಎಂಬ ಅಡಗಿದ ಫೋಲ್ಡರಿನಲ್ಲಿ ಡಿಫಾಲ್ಟ್ ಎಂಬ ಇನ್ನೊಂದು ಫೋಲ್ಡರು, ಅದರಲ್ಲಿ ಇಂಥ ಥೀಮಿನಿಂದ ಬಳುವಳಿ ಪಡೆ ಎಂದು ಸೂಚಿಸುವ ಎರಡು ಸಾಲಿನ ಕಡತ. ಜೊತೆಗೆ ಖಾಲಿ ಪರದೆಗೂ ಬಾಣ ಕೊಡು ಎಂದು ಎಕ್ಸ್‌ಸೆಟ್‌ರೂಟಿಗೆ ಒಂದು ಆಜ್ಞೆ. ಹುಡುಗ ಇಷ್ಟು ಮಾಡಿ ಕರ್ಸರನ್ನು ಈ ಕಿಟಕಿಯಿಂದ ಆ ಕಿಟಕಿಗೆ, ಆ ಕಿಟಕಿಯಿಂದ ಖಾಲಿ ಜಾಗಕ್ಕೆ ಓಡಾಡಿಸಿದ. ಬದಲಾಗಲಿಲ್ಲ. ಮತ್ತೆ ಓಡಾಡಿಸಿದ. ಅವನ ಮುಖದಲ್ಲಿ ನಗು ಬಂತು, ಇನ್ನು ಇವನು ಈ ಚಟದಿಂದ ತಪ್ಪಿಸಿಕೊಳ್ಳಲಾರ ಎಂದುಕೊಂಡೆ.

ಜಾವಾದ್ದನ್ನು ಹಾಗೇ ಬಿಟ್ಟೆವು. ಅದು ಬೂದುಬಣ್ಣದ ಬರೀ ಖಾಲಿ ಚೌಕವಾಗದೆ ತೆರೆದುಕೊಂಡರೆ ಅದೇ ದೊಡ್ಡದು. ಕಿಟಕಿಗಳನ್ನು ಹಂಚುಹಂಚಾಗಿ ಜೋಡಿಸುವ ಕೆಲವು ವಿಂಡೋ ಮ್ಯಾನೇಜರುಗಳಲ್ಲಿ ಅಷ್ಟಕ್ಕೂ ಒಂದು ವೇರಿಯಬಲ್ಲಿನ ಕೈಹಿಡಿಯಬೇಕು.

ಕನ್ನಡದವರಿಗೆ ಮಾತ್ರ ಇಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಇಂಗ್ಲಿಷ್ ಬಳಸುವವರು ಥೀಮು ಹೊಂದಿತೆಂದು ಎದ್ದು ಕೈತೊಳೆಯುವ ಹೊತ್ತಿಗೆ ನಮ್ಮದು ಅರ್ಧವಾಗಿರುತ್ತದೆ. ನಾನು ಬರೆಯುವುದೆಲ್ಲ ಕನ್ನಡದಲ್ಲಿ, ಕಡತಗಳ ಹೆಸರೂ ಕನ್ನಡದಲ್ಲಿ. ಆದ್ದರಿಂದ ಕಿಟಕಿಯ ಒಳಗೂ ಕನ್ನಡ, ಮೇಲಿನ ಶೀರ್ಷಿಕೆ ಪಟ್ಟಿಯಲ್ಲೂ ಕನ್ನಡ. ಒಳಗಿನ ಕನ್ನಡದ ಬಗ್ಗೆ ನೆಮ್ಮದಿಯ ಸಂಗತಿಯೊಂದಿದೆ. ಗುಂಡಿ ಮೆನುಗಳಲ್ಲಿ ಹಾವು ಮುಂಗುಸಿಯಂತಿರುವ ಜಿಟಿಕೆ, ಕ್ಯೂಟಿ ಎರಡೂ ಅಕ್ಷರ ಜೋಡಿಸುವಾಗ ಮೊರೆಹೋಗುವುದು ಹಾರ್ಫ್‌ಬಜ್ ಎಂಬ ಒಂದೇ ಗ್ರಂಥಾಲಯಕ್ಕೆ. ಒತ್ತು ಎಲ್ಲಿ ಇಳಿಯಬೇಕು, ಅರ್ಕಾವತ್ತು ಎಲ್ಲಿ ನಿಲ್ಲಬೇಕು, ಗುಣಿತ ಹೇಗೆ ಕೂಡಬೇಕು ಎನ್ನುವುದರಲ್ಲಿ ಎರಡೂ ಬಣಗಳು ಒಮ್ಮತಕ್ಕೆ ಬಂದಿವೆ. ಅರಬ್ಬಿ, ಭಾರತೀಯ ಲಿಪಿಗಳಂಥ ಜಟಿಲ ಬರವಣಿಗೆಯ ಕೆಲಸವನ್ನು ಇಬ್ಬರೂ ಬೇರೆ ಬೇರೆ ಮಾಡಿ ಸುಸ್ತಾಗುವುದು ಯಾಕೆಂದು ಕೂಡಿಕೊಂಡ ಪುಣ್ಯಕಾರ್ಯ ಅದು.

ತೊಂದರೆ ಇರುವುದು ಚೌಕಟ್ಟಿನಲ್ಲಿ. ಓಪನ್‌ಬಾಕ್ಸ್ ಶೀರ್ಷಿಕೆ ಬರೆಯಲು ಪ್ಯಾಂಗೋ ಎಂಬ ಗ್ರಂಥಾಲಯ ಬಳಸುತ್ತದೆ, ಪ್ಯಾಂಗೋಗೆ ಹಾರ್ಫ್‌ಬಜ್ ಗೊತ್ತು, ಹಾಗಾಗಿ ಕನ್ನಡ ಕನ್ನಡವಾಗಿಯೇ ಬರುತ್ತದೆ. ಐ3ಯಲ್ಲೂ ಫಾಂಟಿನ ಹೆಸರಿನ ಹಿಂದೆ ಪ್ಯಾಂಗೋ ಎಂದು ಸೇರಿಸಿದರೆ ಸಾಕು. ಆದರೆ ಡಿಡಬ್ಲ್ಯುಎಂ ಎಂಬ ಅತಿ ಹಗುರದ ಮ್ಯಾನೇಜರ್ ಇದೆಯಲ್ಲ, ಎರಡು ಸಾವಿರ ಸಾಲಿನ ಒಳಗೇ ಇರಬೇಕೆಂಬ ವ್ರತ ಹಿಡಿದದ್ದು, ಬಣ್ಣ ಬದಲಿಸಬೇಕೆಂದರೂ ಮೂಲಕೋಡಿನ ಕಡತ ತಿದ್ದಿ ಮತ್ತೆ ಕಂಪೈಲ್ ಮಾಡಬೇಕಾದದ್ದು, ಅದು ಅಕ್ಷರವನ್ನು ನೇರವಾಗಿ ಎಕ್ಸ್‌ಎಫ್‌ಟಿಯಿಂದ ಮೂಡಿಸುತ್ತದೆ. ಎಕ್ಸ್‌ಎಫ್‌ಟಿಗೆ ಅಕ್ಷರ ಜೋಡಿಸುವ ವಿದ್ಯೆಯಿಲ್ಲ. ಅದರ ಪಟ್ಟಿಯಲ್ಲಿ 'ಕ್ಷೇತ್ರ' ಎಂಬ ಮಾತು ಹೇಗೆ ಕಾಣುತ್ತದೆ ಗೊತ್ತೇ? ಮೊದಲು ಒಂದು ಪೂರ್ತಿ ತಲೆಕಟ್ಟಿನ ಕ, ಅದರ ಪಕ್ಕ ಒಂಟಿಯಾಗಿ ನಿಂತ ಅರ್ಧಾಕ್ಷರದ ಕೊಂಬು, ಆಮೇಲೆ ಪೂರ್ತಿ ಷ, ಅದಕ್ಕೆ ಅಂಟಿಯೂ ಅಂಟದ ಏತ್ವ, ಮತ್ತೆ ತ, ಮತ್ತೆ ಕೊಂಬು, ಕೊನೆಗೆ ರ. ಒತ್ತುಗಳು ಕೆಳಗಿಳಿಯಲು ಒಪ್ಪದೆ ಸಾಲಿನಲ್ಲೇ ಧರಣಿ ಕೂತಿರುತ್ತವೆ. ಬಿಡಿಸಿ ಓದಲು ಆಗುತ್ತದೆ, ಆದರೆ ಓದಿದ ಮೇಲೆ ತಲೆನೋವು ಉಳಿಯುತ್ತದೆ. ಪ್ಯಾಂಗೋ ಸೇರಿಸುವ ತೇಪೆ ಇದೆ. ತೇಪೆ ಹಾಕಿದರೆ ಎರಡು ಸಾವಿರ ಸಾಲಿನ ವ್ರತಕ್ಕೆ ಭಂಗ ಎಂದು ಅದರ ಭಕ್ತರು ಮುಖ ಸಿಂಡರಿಸುತ್ತಾರೆ. ಸಾಲು ಉಳಿಸಿ ಒತ್ತಕ್ಷರ ಕಳೆದುಕೊಳ್ಳುವ ಮಿತವ್ಯಯ ನನಗೆ ಬೇಡ.

ಓಪನ್‌ಬಾಕ್ಸಿನಲ್ಲೂ ಒಂದು ಕೀಟಲೆ ಉಂಟು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಬಿಗಿ ಪಟ್ಟಿಗಳಲ್ಲಿ ನಮ್ಮ ಒತ್ತಕ್ಷರಗಳಿಗೆ ಕಾಲು ಚಾಚಲು ಜಾಗವಿರುವುದಿಲ್ಲ. ಥೀಮಿನ ಕಡತ ತೆರೆದು ಪಟ್ಟಿಯ ಒಳಗಿನ ಅಂತರವನ್ನು ಒಂದೆರಡು ಚುಕ್ಕೆ ಹೆಚ್ಚಿಸಬೇಕು. 768 ಸಾಲಿನ ಪರದೆಯಲ್ಲಿ ಎರಡು ಚುಕ್ಕೆ ಎಂದರೆ ಕಡಿಮೆಯೇನಲ್ಲ, ಆದರೆ 'ಸ್ತ್ರೀ' ಎಂಬ ಪದದ ಬುಡ ಕತ್ತರಿಸಿಹೋಗುವುದನ್ನು ನೋಡುತ್ತಾ ಕೂರುವುದಕ್ಕಿಂತ ವಾಸಿ. ಫಾಂಟುಗಳಲ್ಲಿ ಲೋಹಿತ್, ನೋಟೋ ಇದ್ದೇ ಇವೆ. ನಾನು ಗುಬ್ಬಿಯನ್ನು ಇಟ್ಟುಕೊಂಡಿದ್ದೇನೆ. ಡೆಬಿಯನ್ನಿನಲ್ಲೇ ಸಿಗುವ ಮುಕ್ತ ಫಾಂಟು, ಸಣ್ಣ ಗಾತ್ರದಲ್ಲೂ ಸ್ಪಷ್ಟ. ಅದೇ ಗೂಡಿನ ನವಿಲು ಕೈಬರಹದ ಶೈಲಿಯದು, ಮೆನುಗಳಿಗೆ ಆಗಿಬರುವುದಿಲ್ಲ, ನೋಡಲು ಚೆಂದ. ಕನ್ನಡ ಕಂಡಾಗಲೆಲ್ಲ ಗುಬ್ಬಿಯನ್ನೇ ಕರೆ ಎಂದು ಫಾಂಟ್‌ಕಾನ್ಫಿಗ್ ಕಡತದಲ್ಲಿ ಬರೆದಿಟ್ಟಿದ್ದೇನೆ. ಆ ಒಂದು ಕಡತದಿಂದ ಪರದೆಗೆ ಬಂದಷ್ಟು ಹೊಂದಾಣಿಕೆ ಉಳಿದ ಎಲ್ಲ ಥೀಮುಗಳಿಂದ ಬಂದಿಲ್ಲ ಎಂಬುದು ನನ್ನ ಲೆಕ್ಕ.

ಟೈಪ್ ಮಾಡುವುದರಲ್ಲೂ ಅದೇ ಬಣ ರಾಜಕೀಯ. ಐಬಸ್ ಎಂಬ ಟೈಪಿಂಗ್ ಸಲಕರಣೆ ಹಾಕಿಕೊಂಡರೆ ಜಿಟಿಕೆಗೊಂದು ವೇರಿಯಬಲ್, ಕ್ಯೂಟಿಗೊಂದು ವೇರಿಯಬಲ್, ಎರಡೂ ಅಲ್ಲದವಕ್ಕೆ ಮೂರನೆಯದು. ಒಂದು ಬಿಟ್ಟುಹೋದರೂ ಈ ಕಿಟಕಿಯಲ್ಲಿ 'ನಮಸ್ಕಾರ' ಎಂದು ಮೂಡಿದ್ದು ಆ ಕಿಟಕಿಯಲ್ಲಿ ರೋಮನ್ ಅಕ್ಷರಗಳ ಸಾಲಾಗಿ ಬೀಳುತ್ತದೆ. ಈ ಜಗಳವೇ ಬೇಡವೆಂದು ನಾನು ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ ಶರಣಾದೆ. ಕಗಪ ಎಂಬ ಹೆಸರಿನಲ್ಲಿ ಅದು ಎಕ್ಸ್ ವ್ಯವಸ್ಥೆಯ ಕೀಲಿಮಣೆ ಪಟ್ಟಿಯಲ್ಲೇ ಸೇರಿಹೋಗಿದೆ. ಕೀಲಿ ಒತ್ತಿದ ಮಟ್ಟದಲ್ಲೇ ಅದು ಕನ್ನಡವಾಗಿ ಹೊರಡುವುದರಿಂದ ಕಿಟಕಿ ಯಾವ ಬಣದ್ದೆಂದು ಯಾರೂ ಕೇಳುವುದಿಲ್ಲ.

ಈ ಊರಿಗೆ ಬಂದ ಮೇಲೆ ನನ್ನ ಥೀಮಿನ ಗೀಳಿಗೆ ಇನ್ನೊಂದು ಕಾರಣ ಸಿಕ್ಕಿತು, ಬೆಳಕು. ಬೆಂಗಳೂರಿನಲ್ಲಿ ಸಂಜೆ ಎಂದರೆ ವರ್ಷವಿಡೀ ಹೆಚ್ಚುಕಡಿಮೆ ಆರು ಆರೂವರೆ. ಇಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಸೂರ್ಯ ಮುಳುಗಿ, ಗ್ರಾನ್‌ಟೋರ್ಪಿನ ಎಲ್ಲ ಕಟ್ಟಡಗಳೂ ಒಂದೇ ಬಣ್ಣಕ್ಕೆ ಬಂದುಬಿಡುತ್ತವೆ. ಜೂನಿನಲ್ಲಿ ರಾತ್ರಿ ಹತ್ತು ದಾಟಿದರೂ ಬಿಸಿಲು. ಹೊತ್ತು ನೋಡಿ ಪರದೆಯನ್ನು ಕೆಂಪಗೆ ಮಾಡುವ ರೆಡ್‌ಶಿಫ್ಟ್ ಎಂಬ ತಂತ್ರಾಂಶಕ್ಕೆ ಇಲ್ಲಿನ ಅಕ್ಷಾಂಶ 59 ಚಿಲ್ಲರೆ ಎಂದು ಕೊಟ್ಟರೆ ಅದಕ್ಕೂ ಗಲಿಬಿಲಿ. ಅದರ ಲೆಕ್ಕ ಹೀಗೆ: ಸೂರ್ಯ ದಿಗಂತದಿಂದ ಮೂರು ಡಿಗ್ರಿ ಮೇಲಿದ್ದರೆ ಹಗಲು, ಆರು ಡಿಗ್ರಿ ಕೆಳಗಿಳಿದರೆ ರಾತ್ರಿ, ನಡುವೆ ಮೆಲ್ಲಗೆ ಬದಲಾವಣೆ. ಫ್ಲೆಮಿಂಗ್ಸ್‌ಬೆರ್ಯ್‌ನ ಸೂರ್ಯ ಡಿಸೆಂಬರಿನ ಗಿಡ್ಡ ದಿನದ ನಡುಮಧ್ಯಾಹ್ನ ಏರುವುದೇ ಏಳು ಡಿಗ್ರಿ ಚಿಲ್ಲರೆ; ಜೂನಿನ ನಡುರಾತ್ರಿ ಇಳಿಯುವುದೂ ಅದೇ ಏಳು ಡಿಗ್ರಿ ಚಿಲ್ಲರೆ. ಹಾಗಾಗಿ ರೆಡ್‌ಶಿಫ್ಟಿನ ಪಂಚಾಂಗದಲ್ಲಿ ಡಿಸೆಂಬರಿನ ಪೂರ್ತಿ ಹಗಲು ನಾಲ್ಕು ಗಂಟೆಗೆ ಸ್ವಲ್ಪ ಮೇಲೆ, ಜೂನಿನ ಪೂರ್ತಿ ರಾತ್ರಿ ಎರಡು ಗಂಟೆಗೆ ಸ್ವಲ್ಪ ಮೇಲೆ. ಹಗಲು ರಾತ್ರಿಗಳ ನಡುವಿನ ಹೊತ್ತೆಲ್ಲ ಸಂಧ್ಯಾಕಾಲ.

ಅದಕ್ಕೇ ನನ್ನಲ್ಲಿ ಎರಡು ಜೊತೆ ವೇಷಗಳಿವೆ, ಒಂದು ತಿಳಿ, ಒಂದು ಗಾಢ. ಒಂದು ಪುಟ್ಟ ಸ್ಕ್ರಿಪ್ಟ್ ಓಪನ್‌ಬಾಕ್ಸ್, ಜಿಟಿಕೆ, ಕ್ವಾಂಟಮ್ ಮೂರಕ್ಕೂ ಹೋಗಿ ಬಟ್ಟೆ ಬದಲಿಸಿ ಎಂದು ಹೇಳಿಬರುತ್ತದೆ. ಜಿಟಿಕೆಗೆ ಈ ಸುದ್ದಿ ಮುಟ್ಟಿಸಲು ಎಕ್ಸ್‌ಸೆಟ್ಟಿಂಗ್ಸ್‌ಡಿ ಎಂಬ ಮೂಕ ಸೇವಕ ಹಿನ್ನೆಲೆಯಲ್ಲಿರುತ್ತಾನೆ. ಅವನನ್ನು ಎಚ್ಚರಿಸಿದರೆ ತೆರೆದಿರುವ ಜಿಟಿಕೆ ಕಿಟಕಿಗಳೆಲ್ಲ ಕಣ್ಣೆದುರೇ ಒಟ್ಟಿಗೆ ಕಪ್ಪಾಗುತ್ತವೆ. ಕ್ಯೂಟಿಯವುಗಳಲ್ಲಿ ಕೆಲವನ್ನು ಮುಚ್ಚಿ ತೆರೆಯಬೇಕು. ಮೊದಲ ಸಲ ಇದನ್ನು ಕಂಡ ಹೆಂಡತಿ, "ಏನ್ರೀ ಇದು, ನಿನ್ನೆ ಛಲೋ ಇತ್ತಲ್ಲಾ, ಇವತ್ಯಾಕ ಕಪ್ಪಗ ಮಾಡೀರಿ?" ಅಂದಳು. ಹೊರಗೆ ಕತ್ತಲಾಯಿತಲ್ಲ, ಅದಕ್ಕೆ ಅಂದೆ. "ಹೊರಗ ಮೂರು ತಿಂಗಳಿಂದ ಕತ್ತಲೀನಽ ಐತಿ" ಎಂದು ಚಹಾ ಇಟ್ಟು ಹೋದಳು.

ಈ ಹವ್ಯಾಸಕ್ಕೆ ಆಕ್ಷೇಪ ಬರಿ ಮನೆಯೊಳಗಿನದಲ್ಲ. 2019ರಲ್ಲಿ ಗ್ನೋಮ್ ಕಡೆಯ ಹಲವು ತಂತ್ರಾಂಶಗಾರರು ಸೇರಿ, ದಯವಿಟ್ಟು ನಮ್ಮ ತಂತ್ರಾಂಶಗಳಿಗೆ ಥೀಮು ಹಾಕಬೇಡಿ ಎಂಬ ಬಹಿರಂಗ ಪತ್ರ ಬರೆದರು. ಪೂರ್ತಿ ಓದಿದರೆ ಅವರ ಸಂಕಟ ಅರ್ಥವಾಗುತ್ತದೆ. ಜಿಟಿಕೆ 3ರ ಥೀಮು ಅಂದರೆ ಸಿಎಸ್‌ಎಸ್. ಯಾರೋ ಬರೆದ ಸಿಎಸ್‌ಎಸ್ ತಮ್ಮ ತಂತ್ರಾಂಶದ ಗುಂಡಿಯನ್ನು ಮರೆಮಾಡಿದರೆ ದೂರು ಬರುವುದು ಥೀಮು ಬರೆದವನಿಗಲ್ಲ, ಅವರಿಗೆ. ತಮ್ಮ ಯಂತ್ರವನ್ನು ತಾವೇ ತಿದ್ದಿಕೊಳ್ಳುವ ಹವ್ಯಾಸಿಗಳ ತಂಟೆಗೆ ನಾವು ಬರುವುದಿಲ್ಲ, ಎಲ್ಲರಿಗೂ ಹಂಚುವ ವಿತರಣೆಗಳವರು ಮೊದಲೇ ಥೀಮು ಬಳಿದು ಕೊಡುವುದನ್ನು ನಿಲ್ಲಿಸಲಿ ಎಂದೂ ಅದರಲ್ಲಿತ್ತು. ಇದು ನ್ಯಾಯವೇ. ಜಿಟಿಕೆ 3.20 ಬಂದಾಗ ಹಳೆಯ ಥೀಮುಗಳೆಲ್ಲ ಒಂದೇ ದಿನಕ್ಕೆ ಹರಿದ ಬಟ್ಟೆಯಾದದ್ದನ್ನು ಕಂಡವರಿಗೆ ಥೀಮು ಎಷ್ಟು ನಾಜೂಕಿನ ಪದಾರ್ಥ ಎಂಬುದು ಗೊತ್ತು.

ಆದರೆ ಆ ಮೇಲೆ ನಡೆದದ್ದು ನನಗೆ ಅಷ್ಟು ಒಪ್ಪಿಗೆಯಿಲ್ಲ. 2021ರ ಕೊನೆಗೆ ಗ್ನೋಮಿನವರ ಲಿಬ್‌ಅಡ್ವೈಟಾ ಎಂಬ ಗ್ರಂಥಾಲಯ ಬಂತು. ಅದರಲ್ಲಿ ಕಟ್ಟಿದ ತಂತ್ರಾಂಶಗಳು ತಮ್ಮ ಉಡುಗೆಯನ್ನು ತಾವೇ ತೊಟ್ಟುಕೊಂಡು ಬರುತ್ತವೆ, ಎಲ್‌ಎಕ್ಸ್‌ಅಪಿಯರೆನ್ಸಿನ ಮಾತು ಅವಕ್ಕೆ ಕೇಳಿಸುವುದಿಲ್ಲ. ತಿಳಿ ಬೇಕೋ ಗಾಢ ಬೇಕೋ ಎಂಬುದನ್ನಷ್ಟು ಕೇಳಿಕೊಳ್ಳುತ್ತವೆ. ಇವು ಓಪನ್‌ಬಾಕ್ಸಿನ ಚೌಕಟ್ಟನ್ನೂ ಬೇಡವೆಂದು ತಮ್ಮ ಶೀರ್ಷಿಕೆ ಪಟ್ಟಿಯನ್ನು ತಾವೇ ಬಿಡಿಸಿಕೊಳ್ಳುತ್ತವೆ. ಮುಚ್ಚುವ ಗುಂಡಿ, ಹುಡುಕುವ ಗುಂಡಿ ಎಲ್ಲ ಅದರಲ್ಲೇ, ದಪ್ಪಗೆ. ನನ್ನ ಹನ್ನೆರಡೂವರೆ ಇಂಚಿನಲ್ಲಿ ಅಂಥದ್ದೊಂದು ತೆರೆದರೆ ಬರೆಯುವ ಜಾಗಕ್ಕೆ ಕತ್ತರಿ. ಇಂಥವು ಒಂದೆರಡು ನನ್ನಲ್ಲೂ ಇವೆ, ಕೆಲಸಕ್ಕೆ ಒಳ್ಳೆಯವು. ಅವಕ್ಕೆ ಬಣ್ಣ ಬಳಿಯುವ ಅಡ್ಡದಾರಿಗಳಿದ್ದರೂ ಹಿಡಿಯಲಿಲ್ಲ. ಗಾಢ ಎಂದರೆ ಗಾಢವಾಗುತ್ತವೆ, ಗುಬ್ಬಿ ಫಾಂಟಿನಲ್ಲೇ ಕನ್ನಡ ತೋರಿಸುತ್ತವೆ, ಕರ್ಸರ್ ಅವುಗಳೊಳಗೆ ಹೋದಾಗ ಹಿಗ್ಗುವುದಿಲ್ಲ. ಈ ಮೂರು ಸರಿಯಿದ್ದ ಮೇಲೆ ಗುಂಡಿಯ ಮೂಲೆ ದುಂಡಗಿದ್ದರೂ ಕಣ್ಣು ತಕರಾರು ತೆಗೆಯುವುದಿಲ್ಲ. ಎಲ್ಲವನ್ನೂ ಅಚ್ಚಿನಲ್ಲಿ ತೆಗೆದಂತೆ ಮಾಡಲು ಹೊರಟವರು ಕೊನೆಗೆ ಕ್ಯಾಲ್ಕುಲೇಟರಿನ ಸ್ಕ್ರೋಲ್‌ಬಾರಿಗೂ ಸಿಎಸ್‌ಎಸ್ ಬರೆಯುತ್ತಾ ಕೂರುತ್ತಾರೆ. ಕ್ಯಾಲ್ಕುಲೇಟರಿನಲ್ಲಿ ಸ್ಕ್ರೋಲ್‌ಬಾರ್ ಏಕಿದೆ ಎಂದು ಕೇಳಲು ಅವರಿಗೆ ಪುರುಸೊತ್ತಿರುವುದಿಲ್ಲ.

ಈಗ ಹುಡುಗ ಹೊಸ ರಾಗ ತೆಗೆದಿದ್ದಾನೆ. "ಅಣ್ಣಾ, ಎಕ್ಸ್ ಮುದಿಯಾಯ್ತು, ವೇಲ್ಯಾಂಡಿಗೆ ಹೋಗೋಣ" ಅನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಡೆನ್ಮಾರ್ಕಿನ ಕ್ರಿಸ್ಟಿಯನ್ ಹೊಗ್ಸ್‌ಬೆರ್ಗ್ 2008ರಲ್ಲಿ ಎಕ್ಸಿಗೆ ಬದಲಾಗಿ ಶುರುಮಾಡಿದ ವೇಲ್ಯಾಂಡ್ ಈಗ ದೊಡ್ಡ ಡೆಸ್ಕ್‌ಟಾಪುಗಳಲ್ಲಿ ಬೇರೂರಿದೆ, ಓಪನ್‌ಬಾಕ್ಸಿನ ಕೊನೆಯ ಆವೃತ್ತಿ ಬಂದದ್ದು 2015ರಲ್ಲಿ. ಆದರೆ ಅಲ್ಲಿಗೆ ಹೋದರೆ ನನ್ನ ಮೂಕ ಸೇವಕ ಎಕ್ಸ್‌ಸೆಟ್ಟಿಂಗ್ಸ್‌ಡಿಗೆ ಕೆಲಸವಿಲ್ಲ. ಜಿಟಿಕೆ ತನ್ನ ಥೀಮನ್ನು ಜಿಸೆಟ್ಟಿಂಗ್ಸಿನಿಂದ ಓದಿಕೊಳ್ಳುತ್ತದೆ. ಎಕ್ಸ್‌ಸೆಟ್‌ರೂಟ್ ಇಲ್ಲ. ರೆಡ್‌ಶಿಫ್ಟ್ ನಡೆಯುವುದಿಲ್ಲ, ಅದರ ಬದಲಿ ಹುಡುಕಬೇಕು. ಕಗಪ ಮಾತ್ರ ಹಾಗೇ ಬರುತ್ತದೆ, ಕೀಲಿಮಣೆ ಪಟ್ಟಿ ಎರಡು ಕಡೆಯೂ ಅದೇ. "ಮತ್ತೆ ಓಪನ್‌ಬಾಕ್ಸಿಗೆ ಮಾಡಿದ ಥೀಮು? ಒತ್ತಕ್ಷರಕ್ಕೆ ಜಾಗ ಬಿಟ್ಟದ್ದು?" ಎಂದು ನಾನು ಕೇಳಿದ್ದಕ್ಕೆ ಅವನ ಬಳಿ ಉತ್ತರ ಸಿದ್ಧವಿತ್ತು. ಲ್ಯಾಬ್‌ಡಬ್ಲ್ಯುಸಿ ಅಂತ ಒಂದಿದೆಯಂತೆ, ವೇಲ್ಯಾಂಡಿನದು, ಹಗುರದ್ದು, ಓಪನ್‌ಬಾಕ್ಸಿನ ಥೀಮು ಕಡತಗಳನ್ನು ಓದುತ್ತದಂತೆ. ಹೌದೇ ಎಂದು ಅವನ ಯಂತ್ರದಲ್ಲೇ ನೋಡಿದೆ. ನನ್ನ ಥೀಮಿನ ಫೋಲ್ಡರನ್ನು ಪೆನ್‌ಡ್ರೈವಿನಿಂದ ಹಾಗೇ ಎತ್ತಿ ಹಾಕಿದ, ಚೌಕಟ್ಟು ನನ್ನ ಬಣ್ಣದಲ್ಲೇ ಬಂತು, ಶೀರ್ಷಿಕೆಯಲ್ಲಿ ಒತ್ತಕ್ಷರಗಳ ಬುಡವೂ ಕತ್ತರಿಸಿಹೋಗಿರಲಿಲ್ಲ. ಬರುವ ಶನಿವಾರ ನಮ್ಮ ಒಗೆಯುವ ಸರದಿ ಸಂಜೆ ಐದಕ್ಕೆ. ಕ್ಯೂಟಿ5ಸಿಟಿಯ ತಮ್ಮ ಕ್ಯೂಟಿ6ಸಿಟಿಯನ್ನು ಹಾಕಿಕೊಂಡೇ ಬಾ ಎಂದು ಅವನಿಗೆ ಹೇಳಿದ್ದೇನೆ.